ಸುಲೋಚನಾ ಹೇಳಿದ ತಿಥಿ

ಸೂರತ್ತಿನಿಂದ ಅಹಮದಾಬಾದಿನವರೆಗೆ ಯಾವ ಕನ್ನಡದ ಮನೆಯಲ್ಲಾದರೂ ಏಕಾದಶಿ ಇವತ್ತೋ ನಾಳೆಯೋ ಎಂಬ ಜಗಳ ಬಂತೆಂದರೆ, ಬರೋಡಾದ ರೈಲ್ವೆ ಗುಮಾಸ್ತ ಜಯತೀರ್ಥನಿಗೆ ಒಂದು ಕಾರ್ಡು ಬಂದೇ ಬರುತ್ತಿತ್ತು. ಪಂಚಾಂಗ ತಪ್ಪೀತು, ಜಯತೀರ್ಥ ತಪ್ಪುವವನಲ್ಲ. ಹೆಂಡತಿ ಸುಲೋಚನಾ ತಿಥಿಯ ಮಾತೆತ್ತಿದರೆ ಸಾಕು, “ನಿನಗೇನ ತಿಳೀತದ, ಸುಮ್ನಿರು” ಎಂದು ಗದರುತ್ತಿದ್ದ. ಮಹಾ ಹಠಮಾರಿ ಪ್ರಾಣಿ!

ಅಂಥವನಿಗೆ ಸಾವಿರದೊಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಕಾಮಾಲೆ ಬಂದು, ಹೋದ ಹಾಗೆ ಮಾಡಿ, ಯಕೃತ್ತನ್ನೇ ತಿಂದುಹಾಕಿತು. ಸಂಧ್ಯಾವಂದನೆಗೂ ಬನಿಯನ್ ಬಿಚ್ಚದ ಗಂಡನನ್ನು ಕಂಡು ಸುಲೋಚನಾಗೆ ಏನೇನೋ ಅನುಮಾನ. ಡಾಕ್ಟರ್ ಊರ್ಮಿಳಾಬೆನ್ ಬಿಚ್ಚಿಸಿದಾಗ ಗೊತ್ತಾಯಿತು: ಅವನ ಎದೆ ಹುಡುಗಿಯರ ಎದೆಯಂತೆ ಊದಿಕೊಂಡಿತ್ತು. ನಾಚಿಕೆಯಿಂದ ಜಯತೀರ್ಥ ಗೋಡೆಯ ಕಡೆ ತಿರುಗಿದ.

ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹೆಣ್ಣಿನ ಹಾರ್ಮೋನು ಗಂಡಸಿನ ಮೈಯಲ್ಲೂ ಚೂರು ಇರುತ್ತದೆ. ಕೆಟ್ಟ ಯಕೃತ್ತು ಅದನ್ನು ಹೊರಹಾಕುವುದಿಲ್ಲ. ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಹೊಟ್ಟೆಯ ವಿಷ ಮಿದುಳಿಗೇರುವುದಕ್ಕೆ. ಮೊದಲು ಮಂಕು, ಆಮೇಲೆ ಎಚ್ಚರವೇ ತಪ್ಪುತ್ತದೆ. ಔಷಧ, ಸಕ್ಕರೆ ನೀರು ಒಂದು ಹೊತ್ತೂ ಬಿಡಬಾರದು. ದಿನಾ ಬೆಳಿಗ್ಗೆ ಹೆಸರು ಬರೆಸಿ, ಅಕ್ಷರ ಕೆಟ್ಟರೆ ತಕ್ಷಣ ಕರೆತನ್ನಿ.

ಅಂದಿನಿಂದ ಸುಲೋಚನಾಗೆ ಸ್ಲೇಟೇ ದೇವರಾಯಿತು. ಜಯತೀರ್ಥ ಹೆಸರಿನ ಕೆಳಗೆ ತಿಥಿಯನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ. ಒಂಬತ್ತು ದಿನ ಹೀಗೇ ಸಾಗಿತು.

ಒಂಬತ್ತನೆಯ ದಿನ ದಶಮಿ. ದಶಮಿಗೆ ಒಪ್ಪೊತ್ತೆಂದು ಸಂಜೆಯ ಔಷಧ ಬಿಟ್ಟೇಬಿಟ್ಟ. “ನಾಳೆ ಏಕಾದಶಿ. ಹನಿ ನೀರೂ ಮುಟ್ಟಂಗಿಲ್ಲ.”

ಸುಲೋಚನಾ ಅತ್ತಳು, ಕಾಲು ಹಿಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಬೆಳಿಗ್ಗೆ ಆಕೆ ದೇವರಿಗೆ ಕೈಮುಗಿದು, ಜೀವಮಾನದಲ್ಲೇ ದೊಡ್ಡ ಪಾಪಕ್ಕೆ ಸಿದ್ಧಳಾದಳು. ದಶಮಿ ನಸುಕಿಗೆ ಚೂರು ತಾಕಿದರೂ ವೇಧವೆಂದು ಉಪವಾಸ ಮರುದಿನಕ್ಕೆ ಹೋಗುತ್ತದೆ. ಅದು ಅವರ ಮನೆತನದ ಕಟ್ಟಳೆ. ಅದನ್ನೇ ಹಿಡಿದಳು. ಸಿಕ್ಕಿಬಿದ್ದರೆ ಲೋಟ ಗೋಡೆಗೆ ಹೋಗುತ್ತದೆ, ಇನ್ನು ಅವಳ ಕೈಯಿಂದ ಔಷಧ ಮುಟ್ಟುವುದೇ ಇಲ್ಲ. ಲೋಟ ಹಿಡಿದು ಎದುರು ನಿಂತಳು.

“ರೀ, ಇವತ್ತ ದಶಮಿ ವೇಧ ಅದ. ಏಕಾದಶಿ ನಾಳೆ. ಔಷಧ ತಗೋರಿ.”

ಗದರಿಕೆಗೆ ಕಾದು ಕಣ್ಣು ಮುಚ್ಚಿದಳು.

“ಹೌದಾ?” ಎಂದ ಜಯತೀರ್ಥ. “ಹಂಗಾದ್ರ ಕೊಡು.”

ಗಟಗಟ ಕುಡಿದ. ಅಬ್ಬಾ, ಗೆದ್ದೆ ಎಂದುಕೊಂಡಳು. ಮರುಗಳಿಗೆಗೇ ಅವಳಿಗೆ ಹೊಳೆಯಿತು: ಹನ್ನೆರಡು ವರ್ಷದ ಸಂಸಾರದಲ್ಲಿ ತಿಥಿಯ ವಿಷಯದಲ್ಲಿ ಅವಳ ಮಾತನ್ನು ಆತ ಒಪ್ಪಿದ್ದು ಇದೇ ಮೊದಲು.

“ರೀ, ವೇಧ ಎಷ್ಟು ಘಳಿಗಿ? ಲೆಕ್ಕಾ ಹಾಕಿ ಹೇಳ್ರಿ.”

“ನೀ ಹೇಳಿದ್ಯಲ್ಲ, ಸಾಕು.”

ಸ್ಲೇಟು ಕೊಟ್ಟಳು. ಬಳಪ ಹಿಡಿದ ಕೈ ಪಟಪಟ ಬಡಿದುಕೊಂಡಿತು. ‘ಜ’ ಒಂದು ಮೂಲೆಗೆ, ‘ಯ’ ಇನ್ನೊಂದಕ್ಕೆ ಬಿತ್ತು.

ಸುಲೋಚನಾ ಬಾಗಿಲಿಗೆ ಓಡಿ ಪಕ್ಕದ ಮನೆಯವರಿಗೆ ಟಾಂಗಾ ತರಲು ಕೂಗಿದಳು. ತಿರುಗಿ ಬಂದು ಅವನ ಭುಜ ಹಿಡಿದು ಅಲುಗಿಸಿದಳು.

“ಸುಳ್ಳು ಹೇಳಿದೆ ರೀ! ಇವತ್ತ ಏಕಾದಶಿ! ಬೈರಿ ನನಗ, ಒಂದ್ಸಲ ಬೈರಿ!”

ಜಯತೀರ್ಥ ಮುಗುಳ್ನಕ್ಕು, ಇನ್ನಷ್ಟು ಬೇಕೆಂದು ಖಾಲಿ ಲೋಟ ಮುಂದೆ ಚಾಚಿದ.