ತಮ್ಮನ ಕೀಬೋರ್ಡು

ತಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರಿಂದ, ಮಧ್ಯಾಹ್ನದ ನಾಟಕಕ್ಕೆ ಅಕ್ಕ ಅವನ ಜಾಗದಲ್ಲಿ ಕೂರಬೇಕಾಯಿತು. ರಂಗಮಂದಿರದ ಹಿಂಬದಿಯ ಗಾಜಿನ ಗೂಡಿನಲ್ಲಿ ಅವನ ಕೆಲಸ. ನಟರು ಆಡುವ ಮಾತನ್ನು ಕಿವಿ ಕೇಳದವರು ಓದಲಿ ಎಂದು ಮೊದಲೇ ಕಂಪ್ಯೂಟರಿಗೆ ಹಾಕಿಟ್ಟು, ವೇದಿಕೆಯ ಪಕ್ಕದ ಪರದೆಯ ಮೇಲೆ ಸಾಲುಸಾಲಾಗಿ ತೋರಿಸುವುದು. ಅಕ್ಕ ಬಸ್ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್; ಟೈಪಿಂಗಿನಲ್ಲಿ ಎತ್ತಿದ ಕೈ. ಇದೇನು ಮಹಾ ಎಂದುಕೊಂಡೇ ಬಂದಿದ್ದಳು.

ನಾಟಕ ಶುರುವಾಗುವ ಮುಂಚೆ, ನಿರ್ದೇಶಕರು ಬದಲಿಸಿದ ಒಂದು ಮಾತನ್ನು ತಿದ್ದಲು ಕೂತರೆ ಅಕ್ಷರವೇ ಮೂಡದು. ಕರ್ಸರ್ ಎಲ್ಲಿಂದೆಲ್ಲಿಗೋ ಜಿಗಿಯಿತು. ಮತ್ತೆರಡು ಕೀ ಒತ್ತಿದ್ದೇ ತಡ, ನಾಯಕಿಯ ಮಾತೆಲ್ಲ ಮಾಯ. ತಮ್ಮನಿಗೆ ಫೋನ್ ಹಚ್ಚಿದಳು.

"ನಾಟಕಾನೇ ಅಳಿಸಿಹೋಗ್ತಿದೆ ಕಣೋ."

"ಗಾಬರಿ ಬೀಳ್ಬೇಡ ಅಕ್ಕ," ಹೊಲಿಗೆ ನೋಯದಂತೆ ಮೆಲ್ಲಗೆ ಅಂದ ತಮ್ಮ. "ಅದು ಬೇರೆ ಥರದ ಕೀಬೋರ್ಡ್ ಮೋಡ್. ಒಂದೊಂದು ಕೀನೂ ಒಂದೊಂದು ಅಪ್ಪಣೆ ಇದ್ದಂಗೆ. ಯು ಒತ್ತು."

ಒತ್ತಿದಂತೆಲ್ಲ ಹೋದ ಸಾಲುಗಳು ಬಂದು ತಂತಮ್ಮ ಜಾಗದಲ್ಲಿ ನಿಂತವು.

"ಇದನ್ನ ಯಾಕಪ್ಪ ಇಟ್ಕೊಂಡಿದ್ದೀಯ?"

"ನಟರು ಮಾತು ಮರೆತು ಪುಟಗಟ್ಟಲೆ ಹಾರಿಸಿಬಿಡ್ತಾರೆ. ನಾನೂ ಜೊತೆಗೇ ಹಾರಬೇಕಲ್ಲ. ಮೌಸ್ ಹುಡುಕೋಕೆ ಪುರುಸೊತ್ತೆಲ್ಲಿ? ಸ್ಲ್ಯಾಶ್ ಒತ್ತಿ 'ಬಾಗಿಲು' ಅಂತ ಬರಿ, ಎಂಟರ್ ಒತ್ತು. ಆಮೇಲೆ ಎನ್ ಒತ್ತುತ್ತಾ ಹೋಗು, ಆ ಮಾತು ಇರೋ ಕಡೆಗೆಲ್ಲ ಹಾರುತ್ತೆ."

ಜಗಳದ ಮನೆಯ ಬಾಗಿಲು, ಪೊಲೀಸರು ಬಡಿದ ಬಾಗಿಲು, ಸೊಸೆ ತೆರೆಯದೇ ಉಳಿದ ಬಾಗಿಲು. ಒಂದೊಂದು ನೆಗೆತಕ್ಕೂ ತಮ್ಮ ಅತ್ತ ಮಂಚದ ಮೇಲಿಂದ ಆ ಸಾಲನ್ನು ಬಾಯಲ್ಲೇ ಹೇಳುತ್ತಿದ್ದ. ಒಂದಕ್ಷರ ತಪ್ಪಲಿಲ್ಲ. ಎಷ್ಟು ನಾಟಕಗಳಲ್ಲಿ ಅವಳು ಪ್ರೇಕ್ಷಕರ ನಡುವಿನಿಂದ ಗೂಡಿನತ್ತ ಹಿಂತಿರುಗಿ ನೋಡಿ, ಇವನು ಗೊಂಬೆಯ ಹಾಗೆ ಕೂತಿರ್ತಾನಲ್ಲ ಎಂದು ನಕ್ಕಿದ್ದಳು. ಆ ಗೊಂಬೆಗೆ ಇಡೀ ನಾಟಕವೇ ಬಾಯಿಪಾಠ.

"ಇದು ನನ್ನ ಕೈಗೆ ಬಗ್ಗೋದಲ್ಲ ಮಾರಾಯ. ಆಫ್ ಮಾಡೋದು ಹೇಳು."

"ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಅಂತಿದೆ ನೋಡು. ಅಲ್ಲಿ ಮೋಡ್ ಮುಂದಿನ ಟಿಕ್ ತೆಗಿ."

ತೆಗೆದಳು. ಕೀಗಳು ಮತ್ತೆ ಬರೀ ಅಕ್ಷರಗಳಾದವು. ಮಾತು ತಿದ್ದಿದಳು.

ಎರಡನೇ ಅಂಕದಲ್ಲಿ ಮುದುಕನ ಪಾತ್ರದವರು ಒಂದಿಡೀ ಪುಟ ನುಂಗಿಬಿಟ್ಟರು. ಅಕ್ಕ ಬಾಣದ ಕೀ ಒತ್ತುತ್ತಾ ಒಂದೊಂದೇ ಸಾಲು ಹುಡುಕಿದಳು. ಪರದೆ ಹಳೇ ಸಾಲಿನಲ್ಲೇ ನಿಂತಿತ್ತು. ಅಷ್ಟರಲ್ಲಿ ಮುದುಕನ ತಮಾಷೆಗೆ ಸಭೆ ನಕ್ಕು ಸುಮ್ಮನಾಗಿತ್ತು. ಕೊನೆಗೂ ಸಾಲು ಸಿಕ್ಕಿ ಪರದೆಗೆ ಬಂತು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಕಿವಿ ಕೇಳದವರು, ಅವರಷ್ಟೇ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಮಾತಿಗೆ ಬಾಯಿ ತೆರೆದಿದ್ದ ಮುದುಕನ ಪಾತ್ರದವರು ಅವರತ್ತ ನೋಡಿ, ಆ ನಗು ಮುಗಿಯುವವರೆಗೂ ಕಾದರು.