ಸೊನ್ನೆಗೆ ಇಟ್ಟ ಯಂತ್ರ

ಆ ಟೈಲರನ ಬೆರಳುಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗ, ಕುರ್ಚಿಯಲ್ಲಿ ಕಾಯುವಾಗ, ಹೆಬ್ಬೆರಳು ತೋರುಬೆರಳು ಸೇರಿ ಇಲ್ಲದ ದಾರದ ತುದಿಯನ್ನು ಹೊಸೆಯುತ್ತಲೇ ಇರುತ್ತಿದ್ದವು, ಇನ್ನೇನು ಸೂಜಿಗೆ ಪೋಣಿಸಬೇಕು ಎನ್ನುವ ಹಾಗೆ. ಅದನ್ನು ನೋಡಿದಾಗಲೆಲ್ಲ ವಿಜ್ಞಾನಿ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಯಾಕಾಗಬಾರದು? ಇದೇ ಮನುಷ್ಯ ಮೊದಲ ಸಲ ಅವಳ ಹತ್ತಿರ ಬಂದಾಗ ಅವನ ಕೈಗಳು ತೊಡೆಯ ಮೇಲೆ ಯಾರೋ ಮರೆತುಹೋದ ಚೀಲದ ಹಾಗೆ ಬಿದ್ದಿದ್ದವು. ಮಾತ್ರೆಗಳು ಮುಗಿದಿದ್ದವು, ತಲೆಗೆ ಕೊಡುವ ಶಾಕೂ ಮುಗಿದಿತ್ತು, ಮನಸ್ಸಿಗೆ ಕವಿದ ಮಂಕು ಮಾತ್ರ ಬಿಟ್ಟಿರಲಿಲ್ಲ. ಅಂಗಡಿ ಬಾಗಿಲು ಹಾಕಿ ವರ್ಷಗಳಾಗಿದ್ದವು. ತೋಳು ಹಿಡಿದು ಕರೆತಂದವಳು ಅವನ ಅಕ್ಕ.

"ಊಟ ಮಾಡು ಅಂದ್ರೆ ಮಾಡ್ತಾನೆ, ಏಳು ಅಂದ್ರೆ ಏಳ್ತಾನೆ. ಗೋಡೆ ನೋಡ್ಕೊಂಡು ಕೂರು ಅಂತ ಮಾತ್ರ ಯಾರೂ ಹೇಳ್ಬೇಕಾಗಿಲ್ಲ" ಎಂದಿದ್ದಳು ಅಕ್ಕ.

ವಿಜ್ಞಾನಿಯ ಅರ್ಧ ಆಯಸ್ಸು ಇಲಿಗಳ ಜೊತೆ ಕಳೆದಿತ್ತು. "ಇಲಿ ಹಿಂದೆ ಓಡೋಕೆ ಒಂದು ಬೆಕ್ಕು ಸಾಕಿತ್ತಲ್ಲೇ, ನಿನ್ನ ಇಷ್ಟೊಂದು ಯಾಕೆ ಓದಿಸಿದ್ವೋ" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಮಿದುಳಿನ ಆಳದಲ್ಲಿ ಎರಡು ಗುಂಪು ಜೀವಕೋಶಗಳಿವೆ. ಒಂದು ಗುಂಪು ಕೂಗಿದರೆ ಇನ್ನೊಂದು ಓಗೊಡುತ್ತದೆ. ಮಂಕು ಬಡಿದ ಇಲಿಯಲ್ಲಿ ಕೂಗು ಇರುತ್ತದೆ, ಓಗೊಡುವವರು ಇರುವುದಿಲ್ಲ. ಅಲ್ಲಿಗೆ ಕೂದಲೆಳೆಯಂಥ ತಂತಿ ಇಳಿಸಿ, ಸರಿಯಾದ ಲಯದಲ್ಲಿ ಚೂರುಚೂರೇ ವಿದ್ಯುತ್ ಕೊಟ್ಟರೆ ಉತ್ತರ ಮತ್ತೆ ಶುರುವಾಗುತ್ತದೆ. ಪರದೆಯ ಮೇಲೆ ಆ ಮೊದಲ ಉತ್ತರದ ಗೆರೆ ಎದ್ದ ದಿನ ಅವಳು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು.

ಇಲಿಗಳಾದ ಮೇಲೆ ಮನುಷ್ಯರ ಸರದಿ. ಶಸ್ತ್ರವೈದ್ಯರು ತಂತಿಯನ್ನು ತಲೆಯೊಳಗೆ ಇಳಿಸಿ, ಬ್ಯಾಟರಿಯ ಪುಟ್ಟ ಡಬ್ಬಿಯನ್ನು ಎದೆಯ ಚರ್ಮದಡಿ ಇಟ್ಟು ಹೊಲಿದರು. ಪ್ರಯೋಗಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮೊದಲ ಹಂತದಲ್ಲಿ ಅರ್ಧ ಜನಕ್ಕಷ್ಟೇ ವಿದ್ಯುತ್. ಉಳಿದವರ ಡಬ್ಬಿ ಸೊನ್ನೆಯಲ್ಲಿರುತ್ತದೆ. ಯಾರದು ಹೇಗಿದೆ ಎನ್ನುವುದು ರೋಗಿಗೂ ಗೊತ್ತಿಲ್ಲ, ವಿಜ್ಞಾನಿಗೂ ಗೊತ್ತಿಲ್ಲ. ಆ ಗುಟ್ಟು ಇನ್ನೊಂದು ಕಟ್ಟಡದಲ್ಲಿ ಕೂತ ಲೆಕ್ಕಾಚಾರದವರ ಹತ್ತಿರ ಮಾತ್ರ.

ಟೈಲರ್ ಮಾತ್ರ ಇದನ್ನು ಕೇಳಿ ನಗುತ್ತಿದ್ದ. "ಸುಮ್ನೆ ನಾಟ್ಕ ಆಡ್ತೀರಿ ಮೇಡಂ. ನಂದು ಆನ್ ಆಗಿದೆ. ಮೆಷಿನ್ ಓಡಿದ ಹಾಗೆ ಒಳಗೆ ಗುಂಯ್ ಅನ್ನುತ್ತೆ. ನಂಗೆ ಗೊತ್ತಾಗಲ್ವಾ?" ಅಂಗಡಿ ಬಾಗಿಲು ತೆಗೆದ. ಅಕ್ಕನಿಗೆ ರವಿಕೆ ಹೊಲಿದ. ಒಂದು ದಿನ ವಿಜ್ಞಾನಿಯ ಬಿಳಿ ಕೋಟನ್ನು ಮೊಳೆಯಿಂದ ತೆಗೆದುಕೊಂಡು, ಹರಿದ ಜೇಬನ್ನು ಅಲ್ಲೇ ಕೂತು ಹೊಲಿದುಕೊಟ್ಟ. "ಮಿದುಳು ರಿಪೇರಿ ಮಾಡೋರ ಜೇಬು ನೋಡಿ!" ಎಂದು ಛೇಡಿಸಿದ. ಅವಳು ಹೋದ ಸಭೆಗಳಲ್ಲೆಲ್ಲ, ಹೆಸರು ಹೇಳದೆ, ಇವನ ಕಥೆಯನ್ನೇ ಹೇಳಿದಳು. ಗುಟ್ಟು ಬಿಚ್ಚುವ ಮೊದಲೇ ಅವಳ ಮನಸ್ಸು ತೀರ್ಪು ಬರೆದುಬಿಟ್ಟಿತ್ತು.

ಮೊದಲ ಹಂತ ಮುಗಿದು ಲೆಕ್ಕಾಚಾರದವರು ಗುಟ್ಟು ಬಿಚ್ಚಿದರು. ಟೈಲರನ ಡಬ್ಬಿ ಮೊದಲ ದಿನದಿಂದ ಸೊನ್ನೆಯಲ್ಲಿತ್ತು.

ವಿಜ್ಞಾನಿ ನಂಬಲಿಲ್ಲ. ಇನ್ನೊಮ್ಮೆ ನೋಡಿ ಎಂದಳು, ನೋಡಿದರು, ಸೊನ್ನೆಯೇ. ವಿದ್ಯುತ್ ಪಡೆದವರಲ್ಲಿ ಕೆಲವರು ಸ್ವಲ್ಪ ಚೇತರಿಸಿಕೊಂಡಿದ್ದರು, ಕೆಲವರು ಇಲ್ಲ. ಎಲ್ಲರಿಗಿಂತ ಚೆನ್ನಾಗಿ ಎದ್ದು ನಿಂತವನು ಏನನ್ನೂ ಪಡೆಯದ ಈ ಒಬ್ಬ. ಅವಳಿಗೆ ಅವನ ಮೇಲೇ ಸಿಟ್ಟು ಬಂತು. ಹೌದು, ವಾಸಿಯಾದ ರೋಗಿಯ ಮೇಲೆ ಸಿಟ್ಟು! ಎಂಥ ನಾಚಿಕೆಗೇಡು.

ಎರಡನೆಯ ಹಂತದಲ್ಲಿ ಎಲ್ಲರಿಗೂ ವಿದ್ಯುತ್ ಕೊಡಬೇಕೆಂದು ಮೊದಲೇ ಗೊತ್ತುಮಾಡಿದ್ದರು. ಚೆನ್ನಾಗಿರುವವನಿಗೆ ಯಾಕೆ, ಬಿಡಿ ಎನ್ನಬಹುದಿತ್ತು. ಹಾಗೆ ಬಿಡಲು ನಿಯಮದಲ್ಲಿ ಅವಕಾಶವೂ ಇತ್ತು. ಅವಳು ಬಿಡಲಿಲ್ಲ. ಏನೂ ಇಲ್ಲದೆ ಇಷ್ಟು ಚೇತರಿಸಿಕೊಂಡವನು ವಿದ್ಯುತ್ ಸಿಕ್ಕರೆ ಹೇಗಾದಾನು ಎಂಬ ಆಸೆ. ಡಬ್ಬಿಯನ್ನು ಹೊರಗಿನಿಂದಲೇ ನಡೆಸುವ ಕೈಯಂತ್ರವನ್ನು ಅವನ ಎದೆಯ ಮೇಲೆ ಹಿಡಿದು ಗುಂಡಿ ಒತ್ತಿದಳು. "ಈಗ ಎಲ್ಲರಿಗೂ ಕೊಡ್ತಿದೀವಿ" ಎಂದಷ್ಟೇ ಹೇಳಿದಳು. "ಇದ್ದಿದ್ದನ್ನೇ ಕೊಡ್ತಿದೀರಿ ಬಿಡಿ" ಎಂದು ಅವನು ನಕ್ಕ.

ಸ್ವಲ್ಪ ದಿನಕ್ಕೇ ಅವನ ನಿದ್ದೆ ಕೆಟ್ಟಿತು. ಅಳತೆ ತೆಗೆದುಕೊಂಡವನು ಯಾರ ಅಳತೆ ಎಂದು ಮರೆತ. "ಯಾಕೋ ಪವರ್ ಕಮ್ಮಿ ಆದ ಹಾಗಿದೆ. ಸ್ವಲ್ಪ ಏರಿಸಿ ಮೇಡಂ, ನನ್ನ ಎಬ್ಬಿಸಿದ್ದು ಇದೇ ಅಲ್ವಾ" ಎಂದ. ಅಲ್ಲೇ ನಿಲ್ಲಿಸಬೇಕಿತ್ತು. ಮಿದುಳು ಒಗ್ಗಿಕೊಳ್ಳಲು ಸಮಯ ಬೇಕು ಎಂದು ತನಗೇ ಸಮಾಧಾನ ಹೇಳಿಕೊಂಡಳು. ಏರಿಸಿದಳು. ಮುಂದಿನ ಸಲ ಅಕ್ಕ ಅವನ ತೋಳು ಹಿಡಿದುಕೊಂಡು ಬಂದಳು.

ಆಗ ವಿಜ್ಞಾನಿ ವಿದ್ಯುತ್ತನ್ನು ಸೊನ್ನೆಗೆ ಇಳಿಸಿದಳು. ಇಳಿಸಿ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಮಾತು. ಆದರೆ ವಿಜ್ಞಾನಿ ತಾನೆ. ಸತ್ಯವೇ ಔಷಧಿ ಎಂದು ನಂಬಿದ ಜಾತಿ. ಹೇಗಿದ್ದರೂ ಎಂದೋ ಒಂದು ದಿನ ಹೇಳಲೇಬೇಕಾದ ವಿಷಯ, ಇವತ್ತೇ ಹೇಳಿದರೆ ಅವನಿಗೆ ಧೈರ್ಯ ಬಂದೀತು ಎಂದುಕೊಂಡಳು. ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು.

"ನೋಡಿ, ಮೊದಲು ನೀವು ಅಷ್ಟು ಚೆನ್ನಾಗಿದ್ರಲ್ಲ, ಆಗ ಇದು ಆಫ್ ಇತ್ತು. ಒಂದು ದಿನಾನೂ ಓಡಿಲ್ಲ. ನೀವೇ ಎದ್ದು ನಿಂತಿದ್ದು, ಯಂತ್ರ ಅಲ್ಲ. ಆನ್ ಮಾಡಿದ ಮೇಲೇ ನಿಮಗೆ ಕಷ್ಟ ಆಗಿದ್ದು, ಅದು ನನ್ನ ತಪ್ಪು. ಈಗ ಮತ್ತೆ ಆಫ್ ಮಾಡಿದೀನಿ. ನಿಮ್ಮ ಶಕ್ತಿ ನಿಮ್ಮಲ್ಲೇ ಇದೆ."

ಟೈಲರ್ ಎದೆಯ ಮೇಲಿನ ಡಬ್ಬಿಯ ಗಂಟನ್ನು ಮುಟ್ಟಿ ನೋಡಿಕೊಂಡ. "ಆ ಗುಂಯ್ ಅನ್ನೋ ಸದ್ದು?"

"ಅದು... ಇರಲಿಲ್ಲ."

"ನನಗೆ ಕೇಳಿಸ್ತಿತ್ತಲ್ಲ ಮೇಡಂ."

ಅವಳು ದಾಖಲೆಯ ಹಾಳೆಯನ್ನು ಅವನ ಕಡೆ ತಿರುಗಿಸಿ ಸೊನ್ನೆಯನ್ನು ತೋರಿಸಿದಳು.

"ಅಂದ್ರೆ ಒಳಗೆ ಯಾರೂ ಇರ್ಲಿಲ್ಲ" ಎಂದ ಅವನು, ಯಾರಿಗೂ ಅಲ್ಲ. "ನನ್ನ ಪಾಡಿಗೆ ನಾನೇ ಇದ್ದೆ. ನಾನು ಎಂಥೋನು ಅಂತ ನಂಗೆ ಗೊತ್ತಿಲ್ವಾ. ನನ್ನ ನಂಬ್ಕೊಂಡು ಎಷ್ಟು ದಿನ ಅಂತ ನಿಂತಿರೋಕಾಗುತ್ತೆ?"

ವಿದ್ಯುತ್ ನಿಂತಿದ್ದಕ್ಕೆ ನಿದ್ದೆಯೇನೋ ಮರಳಿತು. ಅವನು ಮರಳಲಿಲ್ಲ. ಅಂಗಡಿ ಮತ್ತೆ ಮುಚ್ಚಿತು. ಅರ್ಧ ಹೊಲಿದ ಬಟ್ಟೆಗಳನ್ನು ಅಕ್ಕ ಗಿರಾಕಿಗಳ ಮನೆಮನೆಗೆ ಹೊತ್ತು ಕೈಮುಗಿದು ಬಂದಳು. ಆಮೇಲೊಂದು ಬೆಳಿಗ್ಗೆ ಅವನನ್ನು ಕರೆತಂದು ಹೊರಗೆ ಬೆಂಚಿನ ಮೇಲೆ ಕೂರಿಸಿ, ತಾನೊಬ್ಬಳೇ ಒಳಗೆ ಬಂದು ಬಾಗಿಲು ಹಾಕಿದಳು.

"ಮೊದಲು ಹಾಕಿದ್ರಲ್ಲ ಸೊನ್ನೆ, ಅದನ್ನೇ ಮತ್ತೆ ಹಾಕಿ."

"ಅಮ್ಮಾ, ಅದು ಈಗಲೂ ಸೊನ್ನೆಯಲ್ಲೇ ಇದೆ."

"ಹಾಗಲ್ಲ. ಆವತ್ತು ಹಾಕಿದ ಹಾಗೆ ಹಾಕಿ. ಆನ್ ಇದೆ ಅನ್ನಿ. ಹೊಸದು ಬಂದಿದೆ, ಜೋರಾಗಿದೆ, ಏನಾದ್ರೂ ಹೇಳಿ." ಅಕ್ಕ ಮೇಜಿನ ಹತ್ತಿರಕ್ಕೆ ಬಂದಳು. "ಅಷ್ಟು ದಿನ ಸುಮ್ನಿದ್ರಲ್ಲ, ಇನ್ನೊಂದಷ್ಟು ದಿನ ಸುಮ್ನಿರೋಕೆ ಏನಾಗಿತ್ತು ನಿಮ್ಗೆ? ನಿಮ್ಮ ಸತ್ಯ ಇಟ್ಕೊಂಡು ನಾನೇನು ಮಾಡ್ಲಿ? ಅವನಿಗೆ ಉಣ್ಣಿಸ್ಲಾ?"

ವಿಜ್ಞಾನಿ ಎದ್ದು, ಜೇಬು ಹೊಲಿದಿದ್ದ ಅದೇ ಕೋಟು ಹಾಕಿಕೊಂಡು, ಅವನನ್ನು ಒಳಗೆ ಕರೆಸಿದಳು. ಬದುಕಿನಲ್ಲಿ ಮೊದಲ ಸಲ ರೋಗಿಯ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದಳು.

"ಹೊಸ ಲಯ ಸಿಕ್ಕಿದೆ. ಈ ಸಲ ನಿಜವಾಗ್ಲೂ ಆನ್ ಮಾಡ್ತೀನಿ. ಇದು ಬೇರೆ ಥರ, ನೋಡ್ತಿರಿ." ಎದೆಯ ಮೇಲೆ ಆ ಕೈಯಂತ್ರ ಇಟ್ಟಳು. ಯಾವ ಕೆಲಸವನ್ನೂ ಮಾಡದ ಒಂದು ಗುಂಡಿ ಒತ್ತಿದಳು. ಟಿಕ್ ಎಂದಿತು.

ಟೈಲರ್ ಅವಳ ಮುಖವನ್ನು ನೋಡಿದ. ಅಳತೆ ತೆಗೆಯುವವರು ನೋಡುವ ಹಾಗೆ, ಹಣೆಯಿಂದ ಗಲ್ಲದ ತನಕ ನೋಡಿದ. ಆಮೇಲೆ ಬಾಗಿಲ ಹತ್ತಿರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ ಅಕ್ಕನನ್ನು ನೋಡಿದ. ನಿಧಾನಕ್ಕೆ ಮುಖದ ಮೇಲೊಂದು ನಗು ತಂದುಕೊಂಡ.

"ಹೂಂ ಅಕ್ಕಾ, ಬಂತು. ಗುಂಯ್ ಅಂತಿದೆ. ಹಗುರಾಯ್ತು ನೋಡು."

ಅಕ್ಕ ಗೋಡೆಗೆ ಒರಗಿ ಜೋರಾಗಿ ಅಳತೊಡಗಿದಳು, ಸಂತೋಷಕ್ಕೆ. ವಿಜ್ಞಾನಿ ಅವನ ಕೈಗಳನ್ನು ನೋಡಿದಳು. ಬೆರಳುಗಳು ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿದ್ದವು.