ತೊಂಬತ್ತಾರು ಚದರಡಿ

“ಇಪ್ಪತ್ತನಾಲ್ಕು,” ಎಂದು ಅವನು ಮತ್ತೆ ಹೇಳಿದ. “ಒಂದೂ ಹೆಚ್ಚು ಬೇಕಾಗಲ್ಲ.”

ಟೈಲ್ಸ್ ಮೇಸ್ತ್ರಿ ಅವನು ಚಾಚಿದ ಲೆಕ್ಕದ ಚೀಟಿ ನೋಡಲಿಲ್ಲ, ಗೋಡೆ ನೋಡಿದ. “ನಿಮ್ಮ ಲೆಕ್ಕ ಕಾಗದದ ಮೇಲೆ ಸರಿ ಮೇಷ್ಟ್ರೇ. ಗೋಡೆ ಓರೆಗಿದೆಯಲ್ಲ, ಪ್ರತಿ ಸಾಲಿನ ಕೊನೇಲೂ ಒಂದು ಕತ್ತರಿಸಬೇಕು. ಇಪ್ಪತ್ತೇಳಾದ್ರೂ ಬೇಕು.”

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದವನ ಮುಖ ಬಿಸಿಯಾಯಿತು. ಒಂದು ಬದಿ ಹತ್ತಡಿ, ಎದುರು ಬದಿ ಆರು, ಅಗಲ ಹನ್ನೆರಡು. ತೊಂಬತ್ತಾರು ಚದರಡಿ. ಟೈಲು ಎರಡಡಿ ಚೌಕ. ತಪ್ಪೆಲ್ಲಿ?

“ಗೋಡೇನ ಹೀಗೆ ಕಟ್ಟಿಸಿದ ಪುಣ್ಯಾತ್ಮ ಯಾರು?” ಮೇಸ್ತ್ರಿ ನಕ್ಕ.

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದಳು.

“ಯಾರೋ,” ಎಂದ.

ಆ ಗೋಡೆಗೆ ಗೆರೆ ಎಳೆದವನು ಅವನೇ. ಅಪ್ಪ ಸತ್ತ ವರ್ಷ ಹಜಾರ ಪಾಲಾಗುವಾಗ ಕಿಟಕಿ ಪೂರ್ತಿ ತನಗೇ ಬರಬೇಕೆಂದು ಹಟ ಹಿಡಿದಿದ್ದ. ಪಾಲು ಮಾತ್ರ ಕೂದಲೆಳೆಯಷ್ಟೂ ಏರುಪೇರಾಗದಂತೆ ಓರೆಗೆರೆ ಹಾಕಿದ. “ನೀನು ಲೆಕ್ಕ ಹಾಕಿದ ಮೇಲೆ ಸರಿಯೇ ಇರುತ್ತೆ ಬಿಡಣ್ಣ,” ಎಂದಿದ್ದ ತಮ್ಮ. ಜಗಳವೇನೂ ಆಗಲಿಲ್ಲ. ಆದರೆ ಅದೇ ಕೊನೆಯ ಮಾತಾಯಿತು. ಎಂಟು ವರ್ಷ.

ಮಧ್ಯಾಹ್ನ ಗೋಡೆಯ ಬುಡದಲ್ಲಿ ಮೇಸ್ತ್ರಿ ಟೈಲು ಕುಟ್ಟಿ ಕೂರಿಸುತ್ತಿದ್ದಾಗ ಆಚೆಯಿಂದ ತಮ್ಮನ ದನಿ ಬಂತು. “ಯಾರು?”

ಅವನ ಬಾಯಿ ತೆರೆಯಿತು. ನಾನು ಎನ್ನಲು ಎಷ್ಟು ಹೊತ್ತು ಬೇಕು?

“ಟೈಲ್ಸ್ ಕೆಲಸ ಸಾರ್,” ಮೇಸ್ತ್ರಿಯೇ ಕೂಗಿದ.

“ಇವತ್ತೇ ಮುಗಿಯುತ್ತಾ?”

“ಸಂಜೆಗೆ ಮುಗಿಸ್ತೀನಿ.”

ಆಮೇಲೆ ಆಚೆ ಬರೀ ಕೆಮ್ಮು. ಥೇಟ್ ಅಪ್ಪನದೇ.

ಸಂಜೆ ಕತ್ತರಿಸಿದ ಆರು ತುಂಡುಗಳು ಉಳಿದವು.

“ಬಿಸಾಕು,” ಎಂದ.

“ಯಾಕೆ ಮೇಷ್ಟ್ರೇ? ಓರೆ ಅದೇ ಅಲ್ವಾ? ಗೋಡೆ ಆಚೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತೆ.”

ಹೆಂಡತಿ ಒಂದು ಚೀಲ ತಂದಿಟ್ಟಳು.

ಮನೆಯನ್ನು ಬಳಸಿಕೊಂಡು ಹೋಗಲು ನಲವತ್ತು ಹೆಜ್ಜೆಯೂ ಆಗಲಿಲ್ಲ. ತಮ್ಮನ ಬಾಗಿಲ ಮುಂದೆ ಚೀಲದ ಹಿಡಿ ಅಂಗೈ ಕೊರೆಯುತ್ತಿತ್ತು. ಕರೆಗಂಟೆಯತ್ತ ಬೆರಳು ಹೋಯಿತು. ಏನಂತ ಹೇಳುವುದು? ನನಗೆ ಮಿಕ್ಕಿದ್ದು ನಿನಗೆ ಅಂತಲೇ? ಇಪ್ಪತ್ತೇಳು ನಾಲ್ಕಲಿ ನೂರೆಂಟು, ಅದರಲ್ಲಿ ತೊಂಬತ್ತಾರು ಕಳೆದರೆ ಹನ್ನೆರಡು. ಲೆಕ್ಕ ಸರಿಯಾಗಿತ್ತು.

ಒಳಗಿನಿಂದ ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಚಿಲಕ ಸರಿಯಲಿಲ್ಲ. ಅವನೂ ಗಂಟೆ ಒತ್ತಲಿಲ್ಲ.

ಬಾಗಿಲ ಕೆಳಗಿನ ಸಂದಿಯ ಬೆಳಕಿನಲ್ಲಿ ಎರಡು ಪಾದಗಳ ನೆರಳು ಅಲುಗದೆ ನಿಂತಿತ್ತು.